ಪುಕ್ಕಟೆ ಎಂಎಂಒ ಆಟ: ನಾವು ಮೂವರು, ದಿನಕ್ಕೆ ಒಂದು ಗಂಟೆ. ಯಾವುದನ್ನು ಹಿಡಿಯೋಣ?

#1 ಮೂರನೇಪಾಳಿ
ಎಲ್ಲರಿಗೂ ನಮಸ್ಕಾರ. ನಾನು, ನನ್ನ ತಂಗಿ ಮತ್ತು ನಮ್ಮಿಬ್ಬರಿಗೂ ಬೇಕಾದ ಒಬ್ಬ ಹಳೆಯ ಗೆಳೆಯ ಈಗ ಮೂರು ದಿಕ್ಕಿನಲ್ಲಿದ್ದೇವೆ. "ಹೇಗಿದ್ದೀಯ", "ಚೆನ್ನಾಗಿದ್ದೇನೆ" ಎಂಬಲ್ಲಿಗೆ ಫೋನಿನ ಮಾತು ಮುಗಿದುಹೋಗುತ್ತದೆ. ಕೈಗೆ ಏನಾದರೂ ಕೆಲಸವಿದ್ದರೆ ಮಾತು ತಾನಾಗಿಯೇ ಬರುತ್ತದೆ ಎಂಬುದು ತಂಗಿಯ ವಾದ. ಹೀಗಾಗಿ ಮೂವರೂ ಸೇರಿ ಒಂದು ಎಂಎಂಒ, ಅಂದರೆ ಸಾವಿರಾರು ಜನ ಒಂದೇ ಪ್ರಪಂಚದಲ್ಲಿ ತಮ್ಮ ಪಾತ್ರ ಬೆಳೆಸುತ್ತಾ ಆಡುವ ಆನ್‌ಲೈನ್ ಆಟ, ಆಡೋಣವೆಂದು ತೀರ್ಮಾನಿಸಿದ್ದೇವೆ. ಅಲ್ಲಿಗೇ ನಿಂತಿದ್ದೇವೆ ಕೂಡ, ಏಕೆಂದರೆ ಯಾವ ಆಟ ಎಂದು ಮೂರು ವಾರಗಳಿಂದ ಜಗಳವಾಡುತ್ತಿದ್ದೇವೆ.

ನಮ್ಮ ಸ್ಥಿತಿ ಇಷ್ಟು. ನನ್ನದು ಎಂಟು ವರ್ಷದ ಲ್ಯಾಪ್‌ಟಾಪ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ರಾತ್ರಿ ಒಂದು ಗಂಟೆ ಸಿಕ್ಕಿದರೆ ಹೆಚ್ಚು. ಹಣ ಕೊಡುವುದಿಲ್ಲ, ಕನಿಷ್ಠ ಮೊದಲ ಆರು ತಿಂಗಳು. ಇದು ಜಿಪುಣತನವಲ್ಲ. ಹಿಂದೆ ಒಂದು ಮೊಬೈಲ್ ಆಟದಲ್ಲಿ "ಇನ್ನೊಂದೇ ಪೆಟ್ಟಿಗೆ" ಎಂದುಕೊಂಡು ಎಷ್ಟು ಕಳೆದೆ ಎಂಬುದನ್ನು ತಂಗಿಗೆ ಇನ್ನೂ ಹೇಳಿಲ್ಲ. ಆಟದ ಹೆಸರನ್ನು ಇಲ್ಲಿಯೂ ಹೇಳುವುದಿಲ್ಲ.

ಯಾವುದನ್ನು ಹಿಡಿಯೋಣ?

#2 ಕನ್ನಡಿಮಾಯೆ
ಗಿಲ್ಡ್ ವಾರ್ಸ್ 2. ಮುಂದಿನ ಪ್ರಶ್ನೆ?

#3 ಹೀಲರಿನಸಂಕಟ
ಅಷ್ಟು ಸುಲಭವಾಗಿ ಬಿಟ್ಟುಕೊಡಲಾರೆ. ಫೈನಲ್ ಫ್ಯಾಂಟಸಿ 14ರ ಉಚಿತ ಪ್ರಯೋಗದ ಆವೃತ್ತಿಯನ್ನು ನೋಡಿ. "ಪ್ರಯೋಗ" ಎಂದ ಕೂಡಲೇ ಹದಿನಾಲ್ಕು ದಿನದ ಆಮಿಷ ಎಂದುಕೊಳ್ಳಬೇಡಿ. ಕಾಲಮಿತಿಯೇ ಇಲ್ಲ. 2023ರ ಅಕ್ಟೋಬರಿನಿಂದ ಲೆವೆಲ್ 70ರವರೆಗೆ, ಮೂಲ ಆಟದ ಜೊತೆಗೆ ಎರಡು ವಿಸ್ತರಣೆಗಳ (ಆಮೇಲೆ ಸೇರಿಸಿದ ಭಾಗಗಳ) ಇಡೀ ಕಥೆ ಪುಕ್ಕಟೆ. ದಿನಕ್ಕೊಂದು ಗಂಟೆಯಂತೆ ಆಡಿದರೆ ನಿಮ್ಮ ಆರು ತಿಂಗಳು ಮುಗಿದರೂ ಕಥೆ ಮುಗಿಯುವುದಿಲ್ಲ. ಒಂದೇ ಪಾತ್ರದಲ್ಲಿ ಎಲ್ಲ ಕಸುಬುಗಳನ್ನೂ ಕಲಿಯಬಹುದು. ಬೆಳಿಗ್ಗೆ ಈಟಿಗಾರ, ಸಂಜೆ ಬಡಗಿ.

2010ರಲ್ಲಿ ಬಂದ ಇದರ ಮೊದಲ ರೂಪ ನೆಲಕಚ್ಚಿತ್ತು. ಅದನ್ನು 2012ರಲ್ಲಿ ಮುಚ್ಚಿ, 2013ರ ಆಗಸ್ಟ್‌ನಲ್ಲಿ ಹೊಸದಾಗಿ ಕಟ್ಟಿ ಬಿಟ್ಟರು. ತಪ್ಪಾಯಿತು ಎಂದು ಒಪ್ಪಿಕೊಂಡು ಮತ್ತೆ ಕಟ್ಟಿದವರ ಮೇಲೆ ನನಗೆ ಗೌರವವಿದೆ.

#4 ಲೆಕ್ಕಿಗ
ಗೌರವ ಇರಲಿ. ಅವರ ಪ್ರಶ್ನೆಯನ್ನು ಇನ್ನೊಮ್ಮೆ ಓದಿ: ಮೂವರು ಒಟ್ಟಿಗೆ, ಮೂವರೂ ಹಣ ಕೊಡುವುದಿಲ್ಲ. ನಾನು ಆ ಪ್ರಯೋಗದ ಖಾತೆಯಲ್ಲಿ ಆಡುತ್ತಿದ್ದಾಗ ನಾನಾಗಿ ಒಂದು ಪಾರ್ಟಿಯನ್ನು (ಒಟ್ಟಿಗೆ ಆಡುವ ಸಣ್ಣ ತಂಡವನ್ನು) ಕಟ್ಟಲು ಆಗುತ್ತಿರಲಿಲ್ಲ. ಹಣ ಕೊಟ್ಟ ಯಾರಾದರೂ ಕರೆದರೆ ಸೇರಬಹುದಿತ್ತು, ಅಷ್ಟೇ. ಮಾರುಕಟ್ಟೆ ಇಲ್ಲ, ಗಿಲ್ಡ್ (ಆಟಗಾರರ ಸಂಘ) ಇಲ್ಲ, ಜೇಬಿನಲ್ಲಿ 3 ಲಕ್ಷ ಗಿಲ್‌ಗಿಂತ (ಅದು ಆಟದ ನಾಣ್ಯ) ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಮೂವರೂ ಪುಕ್ಕಟೆ ಗಿರಾಕಿಗಳಾದರೆ ಕರೆಯುವವರು ಯಾರು?

ಇನ್ನೊಂದು ವಿಷಯ. ಒಮ್ಮೆ ಹಣ ಕೊಟ್ಟು ಪೂರ್ಣ ಆಟಕ್ಕೆ ಹೋದರೆ ಅದೇ ಖಾತೆ ಮತ್ತೆ ಉಚಿತ ಪ್ರಯೋಗಕ್ಕೆ ಮರಳುವುದಿಲ್ಲ. ಚಂದಾ ನಿಲ್ಲಿಸಿದ ದಿನ ಬಾಗಿಲು ಪೂರ್ತಿ ಮುಚ್ಚುತ್ತದೆ.

#5 ಹೀಲರಿನಸಂಕಟ
ಪಾರ್ಟಿಯ ವಿಷಯ ನಿಜ, ಮರೆತೇಬಿಟ್ಟಿದ್ದೆ. ನನ್ನನ್ನು ಯಾವಾಗಲೂ ಬೇರೆಯವರೇ ಕರೆಯುತ್ತಾರೆ. ತಂಡದವರ ಗಾಯ ಮಾಯಿಸುವ ಹೀಲರ್ ಆದವರಿಗೆ ಕರೆಗೆ ಬರವಿಲ್ಲ, ಬೈಗುಳಕ್ಕೂ ಬರವಿಲ್ಲ. ಸರಿ, ಮೂವರಿಗೆ ಬೇಡ. ಒಬ್ಬರೇ ಆಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನ ಮಾತು ಅವರಿಗೆ ಇರಲಿ.

#6 ಕಲ್ಲುಗಣಿ
ಓಲ್ಡ್ ಸ್ಕೂಲ್ ರೂನ್‌ಸ್ಕೇಪ್. ಎಂಟು ವರ್ಷದ್ದೇನು, ಹದಿನೈದು ವರ್ಷದ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. 2018ರಿಂದ ಮೊಬೈಲಿನಲ್ಲೂ ಇದೆ, ಅದೇ ಖಾತೆ, ಅದೇ ಪಾತ್ರ. ಲ್ಯಾಪ್‌ಟಾಪ್ ಕೈಕೊಟ್ಟ ದಿನ ಫೋನಿನಲ್ಲಿ ಮರ ಕಡಿಯಬಹುದು.

#7 ನಿದ್ದೆಗೇಡಿ
ಅದರ ಮನುಷ್ಯರ ಮುಖ ನೋಡಿದ್ದೀರಾ? ಬೆಂಕಿಪೊಟ್ಟಣಕ್ಕೆ ಮೂಗು ಬರೆದಂತೆ ಇರುತ್ತದೆ.

#8 ಕಲ್ಲುಗಣಿ
ಬೆಂಕಿಪೊಟ್ಟಣವನ್ನೇ ಜನ ಕೇಳಿ ಪಡೆದದ್ದು. ರೂನ್‌ಸ್ಕೇಪ್ 2001ರ ಜನವರಿಯಲ್ಲಿ ಬಂತು. ಕ್ರಮೇಣ ಹೊಸ ಹೊಸ ರೂಪ ಪಡೆಯುತ್ತಾ ಹೋದಾಗ ಹಳಬರು ಸಿಟ್ಟಾದರು. ಹಳೆಯ ಆಟ ಬೇಕೇ ಎಂದು ಕಂಪನಿ 2013ರಲ್ಲಿ ಮತಕ್ಕೆ ಹಾಕಿತು. 4 ಲಕ್ಷಕ್ಕೂ ಹೆಚ್ಚು ಮತ ಬಿತ್ತು. ಉಳಿದಿದ್ದ 2007ರ ಆಗಸ್ಟ್‌ನ ಪ್ರತಿಯನ್ನು ತೆಗೆದು ಮತ್ತೆ ಬಿಟ್ಟರು. ಇಂದಿಗೂ ಮುಖ್ಯವಾದ ಹೊಸ ಸೇರ್ಪಡೆಗಳು ಆಟಗಾರರ ಮತಕ್ಕೆ ಹೋಗುತ್ತವೆ. ಮೊದಲು ಶೇಕಡಾ 75ರಷ್ಟು ಒಪ್ಪಿಗೆ ಬೇಕಿತ್ತು, ಈಗ 70. ಮತ ಹಾಕುವ ಹಕ್ಕು ಚಂದಾದಾರರಿಗೆ ಮಾತ್ರ ಎಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ಲೆಕ್ಕಿಗರು ಹೇಳುತ್ತಾರೆ.

ಪುಕ್ಕಟೆ ಆಡುವವರಿಗೆ 15 ಕೌಶಲಗಳು ಸಿಗುತ್ತವೆ: ಗಣಿ, ಮೀನು, ಕಮ್ಮಾರಿಕೆ, ಕತ್ತಿ, ಬಿಲ್ಲು, ಮಂತ್ರ ಇತ್ಯಾದಿ. ಇಪ್ಪತ್ತರಷ್ಟು ಕ್ವೆಸ್ಟ್‌ಗಳು, ಅಂದರೆ ಕಥೆಯ ಕೆಲಸಗಳು, ಇವೆ. ಕೊನೆಗೆ ಒಂದು ಡ್ರ್ಯಾಗನ್ನನ್ನು ಕೊಲ್ಲಬೇಕು. ಅದನ್ನು ಕೊಂದರೆ ಮಾತ್ರ ರೂನ್ ಎದೆಕವಚ ತೊಡಬಹುದು. ಅದನ್ನು ತೊಟ್ಟು ಊರ ಬ್ಯಾಂಕಿನ ಮುಂದೆ ಸುಮ್ಮನೆ ನಿಂತುಕೊಂಡ ಆ ಸಂಜೆಯಷ್ಟು ಸಂತೋಷ ನನಗೆ ಬೇರೆ ಆಟದಲ್ಲಿ ಸಿಕ್ಕಿಲ್ಲ. ಯಾರೂ ನನ್ನತ್ತ ತಿರುಗಿಯೂ ನೋಡಲಿಲ್ಲ, ಅದು ಬೇರೆ ಮಾತು.

#9 ಲೆಕ್ಕಿಗ
ಒಂದು ಕೌಶಲದ ಗರಿಷ್ಠ ಮಟ್ಟವಾದ ಲೆವೆಲ್ 99ಕ್ಕೆ ಅರ್ಧ ದಾರಿ ಎಲ್ಲಿ ಬರುತ್ತದೆ ಎಂಬುದನ್ನು ಮಾತ್ರ ಜಾಣತನದಿಂದ ಬಿಟ್ಟಿದ್ದೀರಿ.

#10 ಕಲ್ಲುಗಣಿ
92ರಲ್ಲಿ. ಏನೀಗ?

#11 ಮೂರನೇಪಾಳಿ
ಒಂದು ನಿಮಿಷ. 92 ಹೇಗೆ 99ರ ಅರ್ಧವಾಗುತ್ತದೆ?

#12 ಲೆಕ್ಕಿಗ
99ಕ್ಕೆ ಬೇಕಾದದ್ದು 1,30,34,431 ಎಕ್ಸ್‌ಪಿ, ಅಂದರೆ ಅನುಭವದ ಅಂಕ. ಏಳು ಲೆವೆಲ್ ಏರುವಷ್ಟರಲ್ಲಿ ಬೇಕಾದ ಅಂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹೀಗಾಗಿ 92 ಮುಟ್ಟಿದಾಗ ಕೈಯಲ್ಲಿರುವುದು ಸುಮಾರು 65 ಲಕ್ಷ. ಬೆಟ್ಟದ ತುದಿ ಕಾಣುತ್ತಿದೆ ಎಂದುಕೊಂಡಾಗ ನೀವು ನಡುದಾರಿಯಲ್ಲಿರುತ್ತೀರಿ.

#13 ಏಕಾಂಗಿ
ಗಾಣದೆತ್ತಿಗೆ ಕಣ್ಣು ಕಟ್ಟುತ್ತಾರೆ. ಇಲ್ಲಿ ಕಣ್ಣು ಬಿಟ್ಟುಕೊಂಡೇ ಸುತ್ತುತ್ತಾರೆ.

#14 ಕಲ್ಲುಗಣಿ
ಸುತ್ತುವುದು ನನಗೆ ಇಷ್ಟ. ಪಾಡ್‌ಕಾಸ್ಟ್ ಹಾಕಿಕೊಂಡು ಕಬ್ಬಿಣದ ಅದಿರು ಕೆರೆಯುತ್ತಿದ್ದರೆ ತಲೆ ಹಗುರಾಗುತ್ತದೆ. ಎಲ್ಲರೂ ಬಾಸ್‌ನ, ಅಂದರೆ ದೊಡ್ಡ ಶತ್ರುವಿನ, ಎದುರು ಕುಣಿದಾಡಲೇಬೇಕೆಂದು ಯಾರು ಹೇಳಿದರು?

#15 ಹಳೆಯಕತ್ತಿ
ಈ ಜಗಳ ಹೊಸದಲ್ಲ. 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ 'ಮಡ್' ಎಂಬ ಆಟ ಬರೆಯಲು ತೊಡಗಿದರು. ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದರು. ಬರೀ ಅಕ್ಷರ, ಚಿತ್ರವೇ ಇಲ್ಲ. ಇಂದಿನ ಈ ಆಟಗಳ ಮುತ್ತಜ್ಜ ಅದು. ಅದೇ ಬಾರ್ಟಲ್ 1996ರಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಅಂಕ ಮತ್ತು ಸಾಮಾನು ಗುಡ್ಡೆ ಹಾಕುವವರು, ಮೂಲೆ ಮೂಲೆ ತಿರುಗಿ ನೋಡುವವರು, ಜನರೊಡನೆ ಬೆರೆಯುವವರು, ಇನ್ನೊಬ್ಬರ ತಲೆ ಒಡೆಯಲೆಂದೇ ಬರುವವರು.

ಮೂರನೇಪಾಳಿಯವರೇ, ಆಟದ ಹೆಸರು ಕೇಳುವ ಮೊದಲು ನೀವು ಮೂವರು ಈ ನಾಲ್ಕರಲ್ಲಿ ಯಾರು ಯಾರು ಎಂದು ಹೇಳಿ. ಕಲ್ಲುಗಣಿಯವರು ಮೊದಲನೆಯ ಬಗೆ, ಕನ್ನಡಿಮಾಯೆಯವರು ಎರಡನೆಯ ಬಗೆ. ಅವರಿಬ್ಬರೂ ಎಷ್ಟು ವಾದಿಸಿದರೂ ಒಬ್ಬರ ಆಟ ಇನ್ನೊಬ್ಬರಿಗೆ ಹಿಡಿಸುವುದಿಲ್ಲ.

#16 ನಿದ್ದೆಗೇಡಿ
ನಾನು ನಾಲ್ಕನೆಯ ಬಗೆ. ಆಲ್ಬಿಯನ್ ಆನ್‌ಲೈನ್ ಆಡಿ. 2017ರಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕಿತ್ತು, 2019ರಿಂದ ಪುಕ್ಕಟೆ. ಕಂಪ್ಯೂಟರ್, ಫೋನ್ ಎರಡರಲ್ಲೂ ಒಂದೇ ಪ್ರಪಂಚ. ತೊಟ್ಟ ಬಟ್ಟೆಯೇ ನಿಮ್ಮ ಕಸುಬು: ಮಂತ್ರದಂಡ ಹಿಡಿದರೆ ಮಂತ್ರವಾದಿ, ಕೊಡಲಿ ಹಿಡಿದರೆ ಕೊಡಲಿಯವನು. ಹೆಚ್ಚುಕಡಿಮೆ ಎಲ್ಲ ಸಾಮಾನನ್ನೂ ಆಟಗಾರರೇ ತಯಾರಿಸುತ್ತಾರೆ. ಹಾಗಾಗಿ ಮಾರುಕಟ್ಟೆ ನಿಜವಾದ ಸಂತೆಯಂತೆ ಏರುತ್ತದೆ, ಇಳಿಯುತ್ತದೆ.

#17 ಏಕಾಂಗಿ
ಮುಖ್ಯವಾದದ್ದನ್ನು ಹೇಳಲಿಲ್ಲ.

#18 ನಿದ್ದೆಗೇಡಿ
ಹೇಳುತ್ತೇನೆ, ಉಸಿರಾಡಲು ಬಿಡಿ. ಕೆಂಪು ಮತ್ತು ಕಪ್ಪು ವಲಯಗಳಲ್ಲಿ ಸತ್ತರೆ ಮೈಮೇಲಿದ್ದದ್ದು, ಚೀಲದಲ್ಲಿದ್ದದ್ದು ಎಲ್ಲವೂ ಹೋಯಿತು. ಕೊಂದವನು ಬಾಚಿಕೊಂಡು ಹೋಗುತ್ತಾನೆ, ಕೆಲವು ಸಾಮಾನು ಮಾತ್ರ ಮುರಿದುಹೋಗುತ್ತದೆ. ಎರಡು ವಾರ ಕೂಡಿಸಿದ ಚರ್ಮದ ಮೂಟೆಯನ್ನು ಒಂದೇ ಎತ್ತಿನ ಮೇಲೆ ಹೇರಿಕೊಂಡು, ಹತ್ತಿರದ ದಾರಿ ಎಂದು ಕೆಂಪು ವಲಯಕ್ಕೆ ನುಗ್ಗಿದವನು ನಾನೇ. ಪೊದೆಯ ಹಿಂದೆ ಐದು ಮಂದಿ ಇದ್ದರು. ಆ ರಾತ್ರಿ ನಿದ್ದೆ ಬರಲಿಲ್ಲ. ಹೆಸರು ಬಂದದ್ದು ಅಲ್ಲಿಂದಲೇ. ಮರುದಿನ ಅದೇ ಪೊದೆಯ ಹಿಂದೆ ನಾನು ನಿಂತಿದ್ದೆ.

#19 ಮೂರನೇಪಾಳಿ
ಓದಿ ಮೂವರೂ ನಕ್ಕೆವು, ಆದರೆ ಬೇಡ. ತಂಗಿ ತನ್ನ ಎತ್ತನ್ನು ಯಾರಾದರೂ ಕೊಂದರೆ ಆಟವನ್ನಲ್ಲ, ನನ್ನನ್ನು ಬಿಡುತ್ತಾಳೆ.

ಹಳೆಯಕತ್ತಿಯವರ ಪ್ರಶ್ನೆಗೆ ಉತ್ತರ: ನಾನು ಮೂಲೆ ತಿರುಗುವವನು. ತಂಗಿ ಗುಡ್ಡೆ ಹಾಕುವವಳು, ಯಾವ ಆಟ ಕೊಟ್ಟರೂ ಮೊದಲು ಚೀಲ ಜೋಡಿಸುತ್ತಾಳೆ. ಗೆಳೆಯ ಹರಟೆಗೆಂದು ಬರುತ್ತಾನೆ, ಆಟ ನೆಪ. ಈಗ ಹೇಳಿ.

#20 ಕನ್ನಡಿಮಾಯೆ
ಈಗ ಸರಿಯಾಗಿ ಹೇಳುತ್ತೇನೆ. ನಿಮ್ಮಂಥ ಗುಂಪಿಗೆ ದೊಡ್ಡ ತೊಂದರೆ ಆಟದ ಬೆಲೆಯಲ್ಲ, ಒಬ್ಬರು ಮುಂದೆ ಓಡಿಬಿಡುವುದು. ಸಾಮಾನ್ಯ ಆಟದಲ್ಲಿ ಒಬ್ಬರಿಗೆ ರಜೆ ಸಿಕ್ಕಿ ನಾಲ್ಕು ದಿನ ಹೆಚ್ಚು ಆಡಿದರೆ ಅವರು ಲೆವೆಲ್ 40, ಉಳಿದವರು 15. ಅಲ್ಲಿಗೆ ಒಟ್ಟಿಗೆ ಆಡುವುದು ಮುಗಿಯಿತು. ಗಿಲ್ಡ್ ವಾರ್ಸ್ 2ರಲ್ಲಿ ಲೆವೆಲ್ 80ರವರು ಆರಂಭದ ಕಾಡಿಗೆ ಬಂದರೆ ಆಟ ಅವರ ಬಲವನ್ನು ಆ ಜಾಗದ ಮಟ್ಟಕ್ಕೆ ಇಳಿಸುತ್ತದೆ, ಬಹುಮಾನ ಮಾತ್ರ ಅವರಿಗೂ ಉಪಯೋಗಕ್ಕೆ ಬರುವಂಥದ್ದು ಸಿಗುತ್ತದೆ. ಒಂದು ಗಣಿಯ ಕಲ್ಲನ್ನು ಮೂವರೂ ಒಡೆಯಬಹುದು, ಮೂವರಿಗೂ ಅದಿರು ಬರುತ್ತದೆ. ಒಬ್ಬರು ಹೊಡೆದ ಪ್ರಾಣಿಯನ್ನು ಇನ್ನೊಬ್ಬರು ಹೊಡೆದರೆ ಇಬ್ಬರಿಗೂ ಪಾಲು. ಅಪರಿಚಿತರು ಓಡಿ ಬರುತ್ತಿದ್ದರೆ "ಬಂದ ಕಳ್ಳ" ಎನಿಸದೆ "ಸದ್ಯ ಬಂದರು" ಎನಿಸುವ ಆಟ ನನಗೆ ಗೊತ್ತಿರುವಂತೆ ಇದೊಂದೇ.

2012ರ ಆಗಸ್ಟ್‌ನಲ್ಲಿ ಬಂದಾಗ ಕೊಂಡು ಆಡಬೇಕಿತ್ತು, ಆದರೆ ಚಂದಾ ಇರಲಿಲ್ಲ. 2015ರಲ್ಲಿ ಮೂಲ ಆಟವನ್ನು ಪುಕ್ಕಟೆ ಮಾಡಿದರು. ಅಂದಿನಿಂದ ಇಂದಿನವರೆಗೂ ಗರಿಷ್ಠ ಲೆವೆಲ್ 80ರಲ್ಲೇ ನಿಂತಿದೆ. ಎರಡು ವರ್ಷ ಬಿಟ್ಟು ಬಂದರೂ ನಿಮ್ಮ ಕತ್ತಿ ಮೊಂಡಾಗಿರುವುದಿಲ್ಲ. ದಿನಕ್ಕೊಂದು ಗಂಟೆಯವರಿಗೆ ಇದಕ್ಕಿಂತ ದೊಡ್ಡ ಸೌಕರ್ಯ ಏನಿದೆ?

#21 ಲೆಕ್ಕಿಗ
ಗೋಡೆ ಎಲ್ಲಿದೆ ಎಂಬುದನ್ನೂ ಹೇಳಿ. ಪ್ರತಿ ಪುಕ್ಕಟೆ ಆಟದಲ್ಲೂ ಒಂದು ಗೋಡೆ ಇರುತ್ತದೆ.

#22 ಕನ್ನಡಿಮಾಯೆ
ಇದೆ. ಸವಾರಿಯ ಪ್ರಾಣಿಗಳು, ಗಾಳಿಯಲ್ಲಿ ತೇಲುವ ರೆಕ್ಕೆ, ಹೊಸ ನಾಡುಗಳು ಎಲ್ಲವೂ ವಿಸ್ತರಣೆಗಳಲ್ಲಿವೆ, ಅವುಗಳನ್ನು ಕೊಳ್ಳಬೇಕು. ಪಕ್ಕದಲ್ಲಿ ಒಬ್ಬರು ಡ್ರ್ಯಾಗನ್ ಮೇಲೆ ಹಾರಿ ಹೋಗುತ್ತಿರುತ್ತಾರೆ, ನೀವು ಕಾಲ್ನಡಿಗೆಯಲ್ಲಿ. ಪುಕ್ಕಟೆ ಖಾತೆಗೆ ಮಾರುಕಟ್ಟೆಯಲ್ಲಿ, ಅಂಚೆಯಲ್ಲಿ, ಹರಟೆಯಲ್ಲಿ ನಿರ್ಬಂಧಗಳಿವೆ. ಚಿನ್ನ ಮಾರುವ ದಂಧೆಯವರು ಸಾವಿರ ಖಾತೆ ತೆರೆದು ಎಲ್ಲರಿಗೂ ಕಾಟ ಕೊಡಬಾರದೆಂದು ಹಾಗೆ ಮಾಡಿದ್ದಾರೆ. ಆದರೆ ಪಾರ್ಟಿ ಕಟ್ಟಬಹುದು, ಕಥೆ ಆಡಬಹುದು, 80 ಮುಟ್ಟಬಹುದು.

#23 ಲೆಕ್ಕಿಗ
ಇದು ಪ್ರಾಮಾಣಿಕ ಗೋಡೆ. ನನ್ನ ಪ್ರಕಾರ ಗೋಡೆಗಳಲ್ಲಿ ಎರಡು ಜಾತಿ. "ಇಲ್ಲಿಯವರೆಗೆ ಪುಕ್ಕಟೆ, ಮುಂದೆ ಬೇಕಾದರೆ ಕೊಳ್ಳಿ" ಎಂದು ಬರೆದು ನಿಲ್ಲಿಸಿದ ಗೋಡೆ ಒಂದು. ಎಲ್ಲಿಯೂ ಗೋಡೆಯೇ ಇಲ್ಲದಂತೆ ತೋರಿಸಿ, ನೆಲವನ್ನೇ ದಿನದಿಂದ ದಿನಕ್ಕೆ ಕಡಿದಾಗಿಸುತ್ತಾ ಹೋಗುವುದು ಇನ್ನೊಂದು. ಎರಡನೆಯದರಲ್ಲಿ ಎಷ್ಟು ಕೊಟ್ಟರೆ ಸಾಕು ಎಂಬ ಅಂಕಿಯೇ ಇರುವುದಿಲ್ಲ.

ಮೇಪಲ್‌ಸ್ಟೋರಿ ಎಂಬ ಆಟದ ಪ್ರಕರಣ ನೆನಪಿದೆಯೇ? ಸಲಕರಣೆಯ ಗುಣಗಳನ್ನು ಬದಲಿಸುವ 'ಕ್ಯೂಬ್' ಎಂಬ ವಸ್ತುವನ್ನು ಮಾರುತ್ತಿದ್ದರು. ಬೇಕಾದ ಗುಣ ಬರುವ ಸಂಭವವನ್ನು ಆಟಗಾರರಿಗೆ ತಿಳಿಸದೆ ಇಳಿಸಿದ್ದರು ಎಂದು ದಕ್ಷಿಣ ಕೊರಿಯಾದ ವ್ಯಾಪಾರ ಆಯೋಗ 2024ರ ಜನವರಿಯಲ್ಲಿ ನೆಕ್ಸಾನ್ ಕಂಪನಿಗೆ ಸುಮಾರು 1,160 ಕೋಟಿ ವಾನ್ ದಂಡ ಹಾಕಿತು. ಅದೇ ಮಾರ್ಚ್‌ನಿಂದ ಅಲ್ಲಿ ಹೀಗೆ ಅದೃಷ್ಟದ ಮೇಲೆ ಮಾರುವ ವಸ್ತುಗಳ ಸಂಭವವನ್ನು ಬಹಿರಂಗವಾಗಿ ಪ್ರಕಟಿಸುವುದು ಕಾನೂನು. ಬೆಲ್ಜಿಯಂ 2018ರಲ್ಲೇ ಹಣ ಕೊಟ್ಟು ಕೊಳ್ಳುವ ಲೂಟ್ ಬಾಕ್ಸ್‌ಗಳನ್ನು (ಒಳಗೇನಿದೆ ಎಂದು ತಿಳಿಯದ ಅದೃಷ್ಟದ ಪೆಟ್ಟಿಗೆಗಳನ್ನು) ಜೂಜಿನ ಸಾಲಿಗೆ ಸೇರಿಸಿತು.

ಹಾಗಾಗಿ ಹೊಸ ಆಟ ಇಳಿಸಿಕೊಂಡ ಕೂಡಲೇ ನಾನು ಮೊದಲು ಹೋಗುವುದು ಅದರ ಅಂಗಡಿಗೆ. ಬಟ್ಟೆ, ಬಣ್ಣ, ಚೀಲ ಮಾರುತ್ತಿದ್ದರೆ ಕುಳಿತುಕೊಳ್ಳುತ್ತೇನೆ. "ಆಯುಧ ಮೇಲ್ದರ್ಜೆಗೆ ಏರಿಸುವಾಗ ವಿಫಲವಾಗದಂತೆ ರಕ್ಷಣೆ" ಎಂದು ಮಾರುತ್ತಿದ್ದರೆ ಎದ್ದು ಬರುತ್ತೇನೆ. ವಿಫಲವಾಗುವಂತೆ ಮಾಡಿದವರೇ ರಕ್ಷಣೆಯನ್ನೂ ಮಾರುವುದೆಂದರೆ ಏನರ್ಥ?

#24 ದೊಡ್ಡಮೀನು
ನಾನು ಹಣ ಕೊಟ್ಟು ಆಡುವವನು. ನಿಮ್ಮ ಭಾಷೆಯಲ್ಲಿ ತಿಮಿಂಗಿಲ. ಯಾವಾಗಲೂ ನಮ್ಮನ್ನೇ ಬೈಯುತ್ತೀರಿ, ಆದರೆ ನಿಮ್ಮ ಪುಕ್ಕಟೆ ಸರ್ವರಿನ ವಿದ್ಯುತ್ ಬಿಲ್ಲು ಕಟ್ಟುವವರು ಯಾರು? ಲಾಸ್ಟ್ ಆರ್ಕ್ 2022ರ ಫೆಬ್ರವರಿಯಲ್ಲಿ ಜಗತ್ತಿಗೆ ತೆರೆದುಕೊಂಡಾಗ ಸ್ಟೀಮ್ ಎಂಬ ಆಟಗಳ ಅಂಗಡಿಯ ಮೂಲಕವೇ ಏಕಕಾಲಕ್ಕೆ 13 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಅಷ್ಟು ಜನರನ್ನು ಹೊರುವುದು ಧರ್ಮಛತ್ರದ ಕೆಲಸವಲ್ಲ.

#25 ಲೆಕ್ಕಿಗ
ನಿಮ್ಮನ್ನು ಬೈಯಲಿಲ್ಲ, ಬಲೆ ನೇಯುವವರನ್ನು ಬೈದೆ. ಮತ್ತೆ, ಆ 13 ಲಕ್ಷದಲ್ಲಿ ಬಾಟ್‌ಗಳೂ (ಮನುಷ್ಯರ ಬದಲು ಆಡುವ ಪ್ರೋಗ್ರಾಂಗಳು) ಧಾರಾಳವಾಗಿದ್ದವು. ಮುಂದಿನ ತಿಂಗಳು ಹತ್ತು ಲಕ್ಷಕ್ಕೂ ಹೆಚ್ಚು ಬಾಟ್ ಖಾತೆಗಳನ್ನು ನಿಷೇಧಿಸಿದೆವೆಂದು ನಡೆಸುವವರೇ ಪ್ರಕಟಿಸಿದರು.

#26 ದೊಡ್ಡಮೀನು
ಹೂಂ. ಅದರ ಬಾಸ್ ಕಾಳಗಗಳಷ್ಟು ಚೆಂದದ ಕಾಳಗ ನೀವು ಹೇಳಿದ ಯಾವ ಆಟದಲ್ಲೂ ಇಲ್ಲ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಮೂರನೇಪಾಳಿಯವರ ಲ್ಯಾಪ್‌ಟಾಪ್ ಅದನ್ನು ತಡೆಯಲಾರದು ಎಂಬುದೂ ನಿಜ.

#27 ಏಕಾಂಗಿ
ನನ್ನ ಪ್ರಶ್ನೆ ಬೇರೆ. ಮೂವರೇ ಆಡುವುದಾದರೆ ಎಂಎಂಒ ಏಕೆ? ವಾರ್‌ಫ್ರೇಮ್ ಇದೆ, 2013ರಿಂದ ಪುಕ್ಕಟೆ, ನಾಲ್ವರ ತಂಡ. ಹಣ ಕೊಟ್ಟು ಕೊಳ್ಳುವ ಪ್ಲಾಟಿನಮ್ಮನ್ನು ಆಟಗಾರರೇ ತಮ್ಮೊಳಗೆ ವಿನಿಮಯ ಮಾಡಬಹುದು. ಒಳ್ಳೆಯ ಬಿಡಿಭಾಗ ಸಿಕ್ಕರೆ ಮಾರಿ ಪ್ಲಾಟಿನಮ್ ಗಳಿಸಿ, ಕಿಸೆಗೆ ಕೈ ಹಾಕದೆ ಆಡಬಹುದು. ಪಾತ್ ಆಫ್ ಎಕ್ಸೈಲ್ ಕೂಡ 2013ರದ್ದೇ. ಅದು ಬಲವನ್ನು ಮಾರುವುದಿಲ್ಲ, ಪೆಟ್ಟಿಗೆಯ ಜಾಗ ಮಾರುತ್ತದೆ. ಸಾಮಾನು ಗುಡ್ಡೆ ಹಾಕುವ ನಿಮ್ಮ ತಂಗಿಗೆ ಅದೇ ಹೆಚ್ಚು ಅಪಾಯ ಎನ್ನಿ.

#28 ಹಳೆಯಕತ್ತಿ
ಅವೆರಡೂ ಒಳ್ಳೆಯ ಆಟಗಳು, ಎಂಎಂಒ ಅಲ್ಲ.

#29 ಏಕಾಂಗಿ
ಅಲ್ಲ ಎಂದು ಯಾರು ನಿಯಮ ಬರೆದರು? ಸಾವಿರ ಜನ ಒಂದೇ ಪೇಟೆಯಲ್ಲಿ ಹಾದುಹೋಗುತ್ತಾರೆ, ಯಾರೂ ಯಾರಿಗೂ ನಮಸ್ಕಾರ ಹೇಳುವುದಿಲ್ಲ. ಅದು ಸಮುದಾಯವೇ, ಬಸ್ ನಿಲ್ದಾಣವೇ?

#30 ಹಳೆಯಕತ್ತಿ
ಬಸ್ ನಿಲ್ದಾಣದಲ್ಲೂ ಗೆಳೆತನ ಆಗುತ್ತದೆ ಸ್ವಾಮಿ. ಲಾರ್ಡ್ ಆಫ್ ದಿ ರಿಂಗ್ಸ್ ಆನ್‌ಲೈನ್‌ಗೆ ಹೋಗಿ ನೋಡಿ. 2007ರ ಆಟ, 2010ರಲ್ಲಿ ಪುಕ್ಕಟೆಯಾಯಿತು, 2022ರಲ್ಲಿ ಹಳೆಯ ವಿಸ್ತರಣೆಗಳಲ್ಲಿ ಬಹುಪಾಲನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅಲ್ಲಿ ಪಾತ್ರಗಳು ನಿಜವಾಗಿಯೂ ವಾದ್ಯ ನುಡಿಸಬಹುದು, ಸ್ವರ ಸ್ವರ ಸೇರಿಸಿ. ಸ್ವರಲಿಪಿಯ ಕಡತವನ್ನು ಆಟಕ್ಕೆ ಕೊಟ್ಟರೆ ಐದಾರು ಜನ ಸೇರಿ ವಾದ್ಯಗೋಷ್ಠಿ ಮಾಡುತ್ತಾರೆ. ಬೆಟ್ಟದ ಮೇಲೆ ವರ್ಷಕ್ಕೊಮ್ಮೆ ಆಟಗಾರರೇ ನಡೆಸುವ ಸಂಗೀತೋತ್ಸವ ಕೂಡ ಇದೆ. ಯಾವ ಅಂಕವೂ ಸಿಗುವುದಿಲ್ಲ, ಆದರೂ ಜನ ಹತ್ತಿ ಬರುತ್ತಾರೆ.

#31 ಹೀಲರಿನಸಂಕಟ
ಹರಟೆಯ ಗೆಳೆಯನಿಗೆ ಇನ್ನೊಂದು ಹೇಳುತ್ತೇನೆ: ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್. 2011ರ ಡಿಸೆಂಬರಿನಲ್ಲಿ ಚಂದಾ ಆಟವಾಗಿ ಬಂತು, ವರ್ಷ ತುಂಬುವ ಮೊದಲೇ ಪುಕ್ಕಟೆಯಾಯಿತು. ಎಂಟು ಕಸುಬಿಗೆ ಎಂಟು ಬೇರೆ ಬೇರೆ ಕಥೆ, ಎಲ್ಲ ಮಾತಿಗೂ ದನಿ ಇದೆ. ಗುಂಪಿನಲ್ಲಿ ಆಡುವಾಗ ಎದುರಿನ ಪಾತ್ರ ಪ್ರಶ್ನೆ ಕೇಳಿದರೆ ಮೂವರೂ ಉತ್ತರ ಆರಿಸುತ್ತಾರೆ, ದಾಳ ಉರುಳುತ್ತದೆ, ಹೆಚ್ಚು ಬಿದ್ದವರ ಮಾತು ನಡೆಯುತ್ತದೆ. ಸೆರೆಯಾಳನ್ನು ಬಿಡೋಣ ಎಂದು ನಾನು, ಕೊಲ್ಲೋಣ ಎಂದು ನನ್ನ ಜೊತೆಗಾರ. ದಾಳ ಅವನ ಕಡೆ ಬಿತ್ತು. ಒಂದು ವಾರ ಅವನೊಡನೆ ಮಾತಾಡಲಿಲ್ಲ.

#32 ನಿದ್ದೆಗೇಡಿ
ದ್ರೋಹದ ಮಾತು ಬಂದದ್ದರಿಂದ ಬಾಹ್ಯಾಕಾಶದ ಆಟ ಈವ್ ಆನ್‌ಲೈನ್ ನೆನಪಾಯಿತು. 2014ರ ಜನವರಿಯಲ್ಲಿ ಬಿ-ಆರ್5ಆರ್‌ಬಿ ಎಂಬ ನಕ್ಷತ್ರ ವಲಯದಲ್ಲಿ 21 ಗಂಟೆ ಯುದ್ಧ ನಡೆಯಿತು, ಸಾವಿರಾರು ಆಟಗಾರರು, ಟೈಟನ್ ಎಂಬ ಅತಿ ದೊಡ್ಡ ಹಡಗುಗಳು 75 ನುಚ್ಚುನೂರು. ಕಾರಣ ಏನು ಗೊತ್ತೇ? ಆ ವಲಯದ ಒಡೆತನ ಉಳಿಸಿಕೊಳ್ಳುವ ಶುಲ್ಕ ಗಡುವಿನೊಳಗೆ ಪಾವತಿಯಾಗಲಿಲ್ಲ. 2016ರಿಂದ ಈ ಆಟಕ್ಕೂ ಪುಕ್ಕಟೆ ಖಾತೆ ಇದೆ.

#33 ಲೆಕ್ಕಿಗ
ಬಿಲ್ಲು ಕಟ್ಟದಿದ್ದರೆ ಏನಾಗುತ್ತದೆ ಎಂದು ನಾನು ಹೇಳಿದರೆ ಯಾರೂ ಕೇಳುವುದಿಲ್ಲ.

#34 ಕಲ್ಲುಗಣಿ
ಅವರು ಕೇಳಿದ್ದು ದಿನಕ್ಕೆ ಒಂದು ಗಂಟೆ. ನೀವು 21 ಗಂಟೆಯ ಯುದ್ಧ ಹೇಳುತ್ತಿದ್ದೀರಿ. ಪ್ರಶ್ನೆಗೆ ಬನ್ನಿ.

#35 ತಂತಿಜಾಲ
ಯಾರೂ ಪಿಂಗ್ ಬಗ್ಗೆ ಮಾತೇ ಆಡಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನೀವು ಗುಂಡಿ ಒತ್ತಿದ್ದು ಸರ್ವರಿಗೆ ಹೋಗಿ ಉತ್ತರ ಬರುವಷ್ಟು ಹೊತ್ತು ಪಿಂಗ್. ಸರ್ವರ್ ದೂರವಿದ್ದಷ್ಟೂ ಅದು ಹೆಚ್ಚು. ಎಷ್ಟು ದುಬಾರಿ ಕಂಪ್ಯೂಟರ್ ಕೊಂಡರೂ ದೂರ ಕಡಿಮೆಯಾಗುವುದಿಲ್ಲ. ಆದರೆ ಎಲ್ಲ ಆಟಕ್ಕೂ ಅದು ಒಂದೇ ತೆರನಾಗಿ ತಟ್ಟುವುದಿಲ್ಲ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನ ಪ್ರಪಂಚ 0.6 ಸೆಕೆಂಡಿಗೊಮ್ಮೆ ಮಾತ್ರ ಒಂದು ಹೆಜ್ಜೆ ಮುಂದಿಡುತ್ತದೆ. ಪಿಂಗ್ 200 ಮಿಲಿಸೆಕೆಂಡ್ ಇದ್ದರೂ ಸಾಮಾನ್ಯ ಆಟಗಾರರಿಗೆ ತಿಳಿಯುವುದೇ ಇಲ್ಲ. ಉರುಳಿ ತಪ್ಪಿಸಿಕೊಳ್ಳುವ ಕಾಳಗದ ಆಟಗಳಲ್ಲಿ ಅದೇ 200 ಎಂದರೆ, ಪರದೆಯ ಮೇಲೆ ತಪ್ಪಿಸಿಕೊಂಡಿದ್ದೀರಿ, ಸರ್ವರಿನ ಲೆಕ್ಕದಲ್ಲಿ ಸತ್ತಿದ್ದೀರಿ.

ಗಿಲ್ಡ್ ವಾರ್ಸ್ 2 ಎರಡರ ನಡುವೆ ಬರುತ್ತದೆ, ಆರಂಭದ ನಾಡುಗಳಲ್ಲಿ ತೊಂದರೆಯಿಲ್ಲ. ಆದರೆ ಮೂವರೂ ಒಂದೇ ಪ್ರದೇಶದ ಸರ್ವರ್ ಆರಿಸಿಕೊಳ್ಳಿ. ಒಬ್ಬರು ಯುರೋಪ್, ಇನ್ನೊಬ್ಬರು ಉತ್ತರ ಅಮೆರಿಕ ಎಂದಾದರೆ ಆಟದೊಳಗೆ ಭೇಟಿಯೇ ಆಗುವುದಿಲ್ಲ. ಹಳೆಯ ಲ್ಯಾಪ್‌ಟಾಪಿನವರು ಸೆಟ್ಟಿಂಗ್‌ನಲ್ಲಿ ಪರದೆಯ ಮೇಲೆ ತೋರಿಸುವ ಪಾತ್ರಗಳ ಮಿತಿಯನ್ನು ಅತಿ ಕಡಿಮೆಗೆ ಇಳಿಸಿ. ದೊಡ್ಡ ಬಾಸ್‌ನ ಬಳಿ ಐವತ್ತು ಜನ ಸೇರಿದಾಗ ಯಂತ್ರವನ್ನು ಉಳಿಸುವುದು ಅದೊಂದೇ. ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಿ. ಹೊರಗಿನ ತಾಣಗಳಲ್ಲಿ ಚಿನ್ನ ಕೊಳ್ಳಲು ಹೋಗಬೇಡಿ. ಖಾತೆಯೂ ಹೋಗುತ್ತದೆ, ದುಡ್ಡೂ ಹೋಗುತ್ತದೆ.

#36 ಏಕಾಂಗಿ
ಇನ್ನೊಂದು ಭಯ ಯಾರೂ ಹೇಳಲಿಲ್ಲ. ಆಟವೇ ಮುಚ್ಚಿಹೋದರೆ? ವೈಲ್ಡ್‌ಸ್ಟಾರ್ 2014ರಲ್ಲಿ ಚಂದಾ ಆಟವಾಗಿ ಬಂತು, 2015ರಲ್ಲಿ ಪುಕ್ಕಟೆಯಾಯಿತು, 2018ರ ನವೆಂಬರಿನಲ್ಲಿ ದೀಪ ಆರಿತು. ನಾನು ಅದರಲ್ಲಿ ಆಕಾಶದಲ್ಲಿ ತೇಲುವ ಮನೆ ಕಟ್ಟಿದ್ದೆ, ಮೂರು ತಿಂಗಳ ಕೆಲಸ. ಕೊನೆಯ ರಾತ್ರಿ ಅಂಗಳದಲ್ಲಿ ಪಾತ್ರವನ್ನು ಕೂರಿಸಿ ನೋಡುತ್ತಿದ್ದೆ. ಸಂಪರ್ಕ ಕಡಿದಿದೆ ಎಂಬ ಪೆಟ್ಟಿಗೆ ಬಂತು. ಅಂದಿನಿಂದ ನಾನು ಏಕಾಂಗಿ.

#37 ಹಳೆಯಕತ್ತಿ
ಸಿಟಿ ಆಫ್ ಹೀರೋಸ್ ನೆನಪಿಸಿಕೊಳ್ಳಿ. 2012ರ ನವೆಂಬರಿನಲ್ಲಿ ಮುಚ್ಚಿದರು. ಅಭಿಮಾನಿಗಳು ಬಿಡಲಿಲ್ಲ, ತಮ್ಮದೇ ಸರ್ವರ್ ನಡೆಸಿದರು. ಕೊನೆಗೆ 2024ರ ಜನವರಿಯಲ್ಲಿ ಹೋಮ್‌ಕಮಿಂಗ್ ಎಂಬ ತಂಡಕ್ಕೆ ಮೂಲ ಕಂಪನಿಯೇ ಅಧಿಕೃತ ಪರವಾನಗಿ ಕೊಟ್ಟಿತು. ಈಗ ಅದೂ ಪುಕ್ಕಟೆ, ದೇಣಿಗೆಯಲ್ಲಿ ನಡೆಯುತ್ತದೆ. ನಿಮ್ಮ ಮನೆಯೂ ಎಂದಾದರೂ ಸಿಕ್ಕೀತು.

#38 ಏಕಾಂಗಿ
ಸಿಕ್ಕರೆ ನಿಮ್ಮನ್ನೇ ಮೊದಲು ಕರೆಯುತ್ತೇನೆ.

#39 ದೊಡ್ಡಮೀನು
ಒಂದು ಕಡ್ಡಿ ಆಡಿಸುತ್ತೇನೆ. ದಿನವೂ ಬಂದರೆ ಬಹುಮಾನ ಎಂಬ ಪದ್ಧತಿ ನಿಮ್ಮ ಗಿಲ್ಡ್ ವಾರ್ಸ್‌ನಲ್ಲೂ ಇದೆ. ಅದು ಬಲೆಯಲ್ಲವೇ?

#40 ಕನ್ನಡಿಮಾಯೆ
ಹಾಜರಿ ಪುಸ್ತಕ ಅದು, ಒಪ್ಪುತ್ತೇನೆ. ಒಂದು ದಿನ ತಪ್ಪಿದರೆ ಮುಖ ಸಪ್ಪಗಾಗುವ ಅಭ್ಯಾಸ ನನಗೂ ಇದೆ. ಆದರೆ ತಪ್ಪಿದ್ದಕ್ಕೆ ಹಿಂದೆ ಬೀಳುವುದಿಲ್ಲ, ಅಷ್ಟು ಸಮಾಧಾನ.

#41 ಮೂರನೇಪಾಳಿ
ಮೂವರೂ ಕುಳಿತು ಇದನ್ನೆಲ್ಲ ಜೋರಾಗಿ ಓದಿದೆವು. ಇದನ್ನು ಓದುತ್ತಾ ಎರಡು ಗಂಟೆ ಮಾತಾಡಿದ್ದೇ ಈ ವರ್ಷದ ನಮ್ಮ ಅತಿ ದೀರ್ಘ ಕರೆ. ತಂಗಿ ಗಣಿಗೆ, ಗೆಳೆಯ ದಾಳಕ್ಕೆ, ನಾನು ಗಿಲ್ಡ್ ವಾರ್ಸ್‌ಗೆ ಮತ ಹಾಕಿದೆವು. ಲೆವೆಲ್ ವ್ಯತ್ಯಾಸದ ಮಾತು ಗೆದ್ದಿತು. ಇಂದು ರಾತ್ರಿ ಇಳಿಸಿಕೊಳ್ಳುತ್ತೇವೆ.

#42 ಕನ್ನಡಿಮಾಯೆ
ಮೂವರೂ ಒಂದೇ ಕುಲ ಆರಿಸಿಕೊಳ್ಳಿ! ಇಲ್ಲವಾದರೆ ಬೇರೆ ಬೇರೆ ನಾಡಿನಲ್ಲಿ ಹುಟ್ಟುತ್ತೀರಿ.

#43 ಮೂರನೇಪಾಳಿ
ಇದನ್ನು ಒಂದು ದಿನ ತಡವಾಗಿ ಓದಿದೆ. ತಂಗಿ ಗಿಡದಿಂದ ಹುಟ್ಟಿದ ಸಿಲ್ವಾರಿ, ಗೆಳೆಯ ಕೊಂಬಿನ ಚಾರ್, ನಾನು ಮನುಷ್ಯ. ಮೊದಲ ಗಂಟೆ ಪೂರ್ತಿ ಒಬ್ಬರನ್ನೊಬ್ಬರು ಹುಡುಕುವುದರಲ್ಲೇ ಕಳೆಯಿತು. ಕೊನೆಗೆ ಕೆಲವು ಲೆವೆಲ್ ಏರಿದ ಮೇಲೆ ಮಾಯಾದ್ವಾರಗಳನ್ನು ದಾಟಿ ಒಂದು ಪಟ್ಟಣದಲ್ಲಿ ಭೇಟಿಯಾದೆವು. ಯಾರಿಗೂ ಏನು ಮಾಡಬೇಕೆಂದು ತಿಳಿಯದೆ ಮೂವರೂ ಕುಣಿದೆವು.

#44 ಕಲ್ಲುಗಣಿ
ತಂಗಿ ಹೇಗಿದ್ದಾರೆ?

#45 ಮೂರನೇಪಾಳಿ
ಹತ್ತು ದಿನವಾಯಿತು. ಚೀಲ ತುಂಬಿದೆ, ಯಾವುದನ್ನೂ ಎಸೆಯಲು ಒಪ್ಪುವುದಿಲ್ಲ. ನಿಮಗೆ ಸಂತೋಷವಾಗಬಹುದು: ಬಿಡುವಿನಲ್ಲಿ ಫೋನಿನಲ್ಲಿ ಗುಟ್ಟಾಗಿ ನಿಮ್ಮ ರೂನ್‌ಸ್ಕೇಪ್ ಆಡುತ್ತಿದ್ದಾಳೆಂದು ನಿನ್ನೆ ಗೊತ್ತಾಯಿತು. ಮರ ಕಡಿಯುವುದರಲ್ಲಿ ಲೆವೆಲ್ 43.

ಕ್ವೀನ್ಸ್‌ಡೇಲ್‌ನ ಜೌಗಿನಲ್ಲಿ ಎರಡು ಗಂಟೆಗೊಮ್ಮೆ ಏಳುವ ಆ ದೈತ್ಯನನ್ನು ನಿನ್ನೆ ಅಪರಿಚಿತರ ಜೊತೆ ಸೇರಿ ಹೊಡೆದೆವು. ಲ್ಯಾಪ್‌ಟಾಪ್ ಉಳಿಯಿತು, ತಂತಿಜಾಲದವರಿಗೆ ವಂದನೆ. ಈಗ ಒಂದೇ ತೊಂದರೆ. ಕ್ಯಾಲೆಡನ್ ಕಾಡಿನ ಮಾರ್ಗನ್ಸ್ ಸ್ಪೈರಲ್ ಎಂಬ ಜಿಗಿತದ ಒಗಟಿನಲ್ಲಿ ಅವರಿಬ್ಬರೂ ಮೇಲೆ ತಲುಪಿದ್ದಾರೆ. ನಾನು ಮುಕ್ಕಾಲು ಗಂಟೆಯಿಂದ ಕೆಳಗೆ ಬೀಳುತ್ತಿದ್ದೇನೆ. ಇಬ್ಬರೂ ಮೇಲಿನಿಂದ ನಗುತ್ತಿದ್ದಾರೆ.

#46 ನಿದ್ದೆಗೇಡಿ
ನೀವೂ ಅವರನ್ನು ಕೆಳಗೆ ತಳ್ಳಬಹುದೇ ಆ ಆಟದಲ್ಲಿ?

#47 ಕನ್ನಡಿಮಾಯೆ
ತಳ್ಳಲು ಆಗುವುದಿಲ್ಲ. ಮೂರನೇಪಾಳಿಯವರೇ, ಯುರೋಪ್ ಸರ್ವರ್ ತಾನೇ? ಬುಡದಲ್ಲೇ ನಿಂತಿರಿ, ಹತ್ತು ನಿಮಿಷ. ನೇರಳೆ ಚಿಟ್ಟೆಗಳ ನಡುವೆ ನೆಲದ ಮೇಲೆ ಒಂದು ದ್ವಾರ ತೆರೆದುಕೊಂಡರೆ ಯೋಚಿಸದೆ ಒಳಗೆ ಹೋಗಿ. ಮೇಲೆ ಇನ್ನೊಂದು ತುದಿಯಲ್ಲಿ ನಾನಿರುತ್ತೇನೆ. ಅವರಿಬ್ಬರಿಗೆ ಹೇಳಬೇಡಿ.